ತಾರವ್ವ ಸಾಯದ ಮನೆಗಳು

ನಮ್ಮ ಊರಿನಲ್ಲಿ ವಿಡಿಯೋ ಗೇಮಿನ ಪಾತ್ರವೊಂದು ಸತ್ತರೆ, ಅದಕ್ಕೆ ದನಿ ಕೊಟ್ಟವರ ಮನೆಯಲ್ಲಿ ಬೆಲ್ಲ ಹಂಚುತ್ತಾರೆ. ಪಾತ್ರ ಬದುಕಿರುವಷ್ಟು ಕಾಲ ದನಿ ಪಾತ್ರದ್ದು. ಸತ್ತ ಮೇಲೆ ಅದು ಕೊಟ್ಟವರ ಗಂಟಲಿಗೆ ತಿರುಗಿ ಬರುತ್ತದೆ. ಅಲ್ಲಿಯ ತನಕ ಅವರು ಮುಂಗೈಗೆ ಹಿತ್ತಾಳೆಯ ಗೆಜ್ಜೆ ಕಟ್ಟಿಕೊಂಡು, ಕಂಕುಳಲ್ಲಿ ಸ್ಲೇಟು ಇಟ್ಟುಕೊಂಡು ಓಡಾಡುತ್ತಾರೆ. ಗೆಜ್ಜೆಯ ಸದ್ದು ಕೇಳಿದರೆ ಅಂಗಡಿಯವರು ತಕ್ಕಡಿ ಬಿಟ್ಟು ತಲೆಯೆತ್ತುತ್ತಾರೆ, ಕಂಡಕ್ಟರು ಬೆರಳು ನೋಡಿ ಟಿಕೀಟು ಹರಿಯುತ್ತಾನೆ. ಇದನ್ನು ಯಾರೂ ದೊಡ್ಡ ಸಂಗತಿ ಎಂದುಕೊಂಡಿಲ್ಲ. ರಕ್ತ ಕೊಟ್ಟ ಹಾಗೆ, ನಾಳೆ ಮತ್ತೆ ತುಂಬಿಕೊಳ್ಳುತ್ತದೆ ಎನ್ನುತ್ತಾರೆ.

ಹೀಗಾಗಿ ನಮ್ಮ ಆಟಗಳಲ್ಲಿ ಬಹಳ ಜನ ಸಾಯುತ್ತಾರೆ. ಬೇರೆ ಕಡೆಯ ಕಥೆಗಾರರು ಸಾವನ್ನು ಕಾಯ್ದಿಟ್ಟು, ಹದ ನೋಡಿ ಬಳಸುತ್ತಾರಂತೆ. ಊರಿನ ಆಟಗಳಿಗೆ ಕಥೆ ಬರೆಯುವ ನನಗೆ ಆ ಸವಲತ್ತು ಇರಲಿಲ್ಲ. ಲಗ್ನದ ತಿಂಗಳು ಹತ್ತಿರ ಬಂದರೆ ಸಾಕು, ಎಣ್ಣೆ ಗಿರಣಿಯ ಮೇಲಿನ ನಮ್ಮ ಕೋಣೆಯ ಮೆಟ್ಟಿಲು ತುಂಬುತ್ತಿತ್ತು. "ನಮ್ಮ ಹುಡುಗನ ಪಾತ್ರ ಲಗೂನ ಮುಗಸ್ರಿ, ಮೂಕ ಮದುಮಗ ಅಂತ ಬೀಗರು ನಗ್ತಾರ" ಎನ್ನುವವರೇ ಹೆಚ್ಚು. ಒಬ್ಬ ಸೊಸೆ ಮಾತ್ರ ಸೆರಗು ಬಾಯಿಗೆ ಹಿಡಿದುಕೊಂಡು ಬಂದು, "ಅಣ್ಣಾರ, ನಮ್ಮತ್ತಿ ಪಾತ್ರ ದೀಪಾವಳಿ ತನಕಾನರ ಜೀವಂತ ಇಡ್ರಿ. ಮನಿ ಎಷ್ಟ್ ತಣ್ಣಗ ಐತಿ ಅಂತೀರಿ" ಎಂದಿದ್ದಳು. ಇಟ್ಟೆ. ಹಬ್ಬ ಕಳೆದ ಮೇಲೆ ಹಾವು ಕಚ್ಚಿಸಿದೆ. ಹಾವು, ಬಾಣ, ಕುಸಿದ ಗೋಡೆ. ನಾನು ಕೊಂದವರಿಗಾಗಿ ಯಾರೂ ಅತ್ತದ್ದಿಲ್ಲ. ಅಳಲಿ ಎಂದು ನಾನೂ ಬರೆದಿರಲಿಲ್ಲ.

ಕಾಲೇಜಿನಲ್ಲಿ ಸಾಹಿತ್ಯ ಓದಿ ಬಂದವನು ನಾನು. ಕಥೆ ನನ್ನದು, ಯಂತ್ರದ ಕೆಲಸ ಜೊತೆಗಾರ ಮುರ್ತುಜಾನದು. ಅವನ ಗೋಡೆಯ ಮೇಲೆ ಪ್ರತಿ ಪಾತ್ರಕ್ಕೂ ಒಂದು ಹಲಗೆ, ಹಲಗೆಯಲ್ಲಿ ಮನೆಗೊಂದು ಪುಟ್ಟ ಕೆಂಪು ದೀಪ. ಯಾವ ಮನೆಯ ಆಟದಲ್ಲಿ ಆ ಪಾತ್ರ ಸತ್ತಿತೋ ಆ ಮನೆಯ ದೀಪ ಆರುತ್ತದೆ. ಒಂದು ಮನೆಯಲ್ಲಿ ಸತ್ತರೆ ಸಾಲದು, ಊರಿನ ಎಲ್ಲ ಮನೆಗಳಲ್ಲೂ ಸಾಯಬೇಕು. ಕೊನೆಯ ದೀಪ ಆರಿದಾಗ ದನಿ ಮನೆಗೆ ಹೋಗುತ್ತದೆ. ಹಾವು ಕಚ್ಚಿದವರ ದೀಪಗಳು ವಾರದೊಳಗೇ ಆರಿಬಿಡುತ್ತಿದ್ದವು. ಜನರಿಗೆ ಮುಂದಿನ ಕೋಟೆಗೆ ಹೋಗುವ ಅವಸರ.

ದಾಕ್ಷಾಯಣಿ ಎಂಬ ಹುಡುಗಿ ದನಿ ಕೊಟ್ಟದ್ದು ಇಂಥದೇ ಸಣ್ಣ ಪಾತ್ರಕ್ಕೆ. ಹರಿಗೋಲಿನ ತಾರವ್ವ. ಆಟಗಾರನನ್ನು ಮೊದಲ ಹೊಳೆ ದಾಟಿಸಿ, ಅದೇ ಹೊಳೆಯ ಸೆಳವಿನಲ್ಲಿ ಹೋಗಿಬಿಡಬೇಕು. ಒಂದು ಮಳೆಗಾಲದ ಕೆಲಸ ಎಂದು ಮುರ್ತುಜಾ ಹೇಳಿ ದನಿ ತೆಗೆದುಕೊಂಡಿದ್ದ. ಆ ದಿನ ನಾನು ಕೋಣೆಯಲ್ಲಿರಲಿಲ್ಲ. ನಾನು ಆಕೆಯನ್ನು ಮೊದಲು ಕಂಡಾಗ ಮುಂಗೈಗೆ ಗೆಜ್ಜೆ ಬಂದಾಗಿತ್ತು.

ದನಿಯನ್ನು ಮಾತ್ರ ಅಂದೇ ಸಂಜೆ ಯಂತ್ರದಲ್ಲಿ ಕೇಳಿದೆ. ತುಸು ಒಡಕು ದನಿ. ಮಾತಿನ ಕೊನೆಯಲ್ಲಿ ಕೆಳಗಿಳಿಯದೆ, ಇನ್ನೂ ಏನೋ ಹೇಳುವುದಿದೆ ಎನ್ನುವ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಯಂತ್ರದಲ್ಲಿರುವ ದನಿ ನಾವು ಬರೆದದ್ದನ್ನೆಲ್ಲ ಹೇಳುತ್ತದೆ. ನಾನು ನಾಲ್ಕು ಮಾತು ಬರೆದಿದ್ದೆ, ಮತ್ತೆ ನಾಲ್ಕು ಬರೆದೆ. ಸೆಳವಿನ ಸಾವನ್ನು ಮುಂದಕ್ಕೆ ಹಾಕಿ, ಆ ದನಿ ನಿಲ್ಲುವ ಜಾಗಗಳಿಗಾಗಿಯೇ ಮಾತು ಬರೆಯತೊಡಗಿದೆ. ಊರಿನ ಜನ ಹೊಳೆ ದಾಟಿ ಹೋಗಿ, ಮತ್ತೆ ಈ ದಡಕ್ಕೆ ಬಂದು, ಮತ್ತೆ ದಾಟತೊಡಗಿದರು. ಮುಂದೆ ಕೋಟೆಯಿತ್ತು, ಸುರಂಗವಿತ್ತು. ಜನ ಹರಿಗೋಲಿನಲ್ಲೇ ಕೂತರು. ತಾರವ್ವ ಹುಟ್ಟು ಹಾಕುತ್ತ, "ಉಂಡು ಬಂದೀಯೇನಪಾ? ಮಾರಿ ಯಾಕ ಇಷ್ಟ್ ಸಣ್ಣ ಆಗೇತಿ?" ಎಂದು ಕೇಳಿದರೆ, ನ್ಯಾಯಬೆಲೆ ಅಂಗಡಿಯ ಗಡಸು ಮನುಷ್ಯ ಕೂಡ ಪರದೆಗೆ ಉತ್ತರ ಕೊಡುತ್ತಿದ್ದ.

ಪ್ರತಿ ಮಳೆಗಾಲಕ್ಕೂ ನಾನು ದಾಕ್ಷಾಯಣಿಯ ಮನೆಗೆ ಹೋಗಿ, ಇನ್ನೊಂದು ವರ್ಷ ತಾರವ್ವ ಇರಲಿ ಎಂದು ಕೇಳಿಕೊಳ್ಳುತ್ತಿದ್ದೆ. ಆಕೆ ಚಹಾ ತಂದಿಟ್ಟು ಬಾಗಿಲ ಪಕ್ಕ ನಿಲ್ಲುತ್ತಿದ್ದಳು. ಉತ್ತರ ಕೊಡುತ್ತಿದ್ದುದು ಅವಳ ತಾಯಿ ಗುರುಬಸವ್ವ. "ಇರ್ಲಿ ತಗೋರಿ. ಊರ ಮಂದಿ ನನ್ನ ಮಗಳ ದನಿಗೆ ಹಿಂಗ ಜೀವ ಬಿಡ್ತಾರ ಅಂದ್ರ ನಮಗೂ ಹಿಗ್ಗು." ಮೂರನೆಯ ವರ್ಷ ಗುರುಬಸವ್ವ ಚಹಾದ ಬಸಿ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿ, "ವರ್ಷಾ ಬಂದು ಚಾ ಕುಡದ್ ಹೋಗ್ತಿ. ಅದರ ಬದ್ಲಿ ನಾಕ್ ಅಕ್ಕಿಕಾಳು ಹಾಕಸ್ಕೊಂಡು ಕರ್ಕೊಂಡಾದ್ರೂ ಹೋಗಬಾರ್ದಾ ವಿರೂಪಣ್ಣ?" ಎಂದಳು. ದಾಕ್ಷಾಯಣಿ ಒಳಗೆ ಓಡಿದಳು. ಗೆಜ್ಜೆ ಬಹಳ ಹೊತ್ತು ನಿಲ್ಲಲಿಲ್ಲ.

ಮದುವೆಯಾಯಿತು. ಮೌನ ನನಗೆ ಹೊಸದಲ್ಲ, ಅದರೊಡನೆ ಬಾಳುವುದು ಸುಲಭವೆಂದೇ ಎಣಿಸಿದ್ದೆ. ಆದರೆ ಆಕೆಯ ಮೌನದಲ್ಲಿ ಸೀನೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಬಿಸಿ ಪಾತ್ರೆ ಮುಟ್ಟಿ ಕೈ ಸುಟ್ಟುಕೊಂಡರೆ ಬಾಯಿ ತೆರೆಯುತ್ತಿತ್ತು, ಅಷ್ಟೆ. ಊಟಕ್ಕೆ ಕರೆಯುವುದು ಗೆಜ್ಜೆ. ನನಗೆ ಒಂದು ಸಲ, ಒಂದೇ ಸಲ, 'ಬರ್ರಿ, ತಾಟು ಹಾಕೇನಿ' ಎಂದು ಅಡುಗೆಮನೆಯಿಂದ ಕೇಳಬೇಕೆನ್ನಿಸುತ್ತಿತ್ತು. ಮರುದಿನ ಗಿರಣಿಯ ಮೇಲೆ ಕೂತು ಆ ಮಾತನ್ನು ತಾರವ್ವನಿಗೆ ಬರೆಯುತ್ತಿದ್ದೆ. ಸಂಜೆ ಮನೆಗೆ ಬಂದು ನನ್ನ ಆಟ ಹಚ್ಚಿ, ಹೊಳೆಯ ದಡದಲ್ಲಿ ನಿಂತು, ಅದನ್ನು ಕೇಳುತ್ತಿದ್ದೆ. ಅಷ್ಟು ಹೊತ್ತಿಗೆ ಊರಿನ ಎಲ್ಲ ಮನೆಗಳಲ್ಲೂ ನನ್ನ ಹೆಂಡತಿಯ ದನಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಿತ್ತು. ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಗುರುಬಸವ್ವ ತೀರಿಕೊಂಡದ್ದು ಒಂದು ಮಧ್ಯಾಹ್ನ, ಕುಳಿತಲ್ಲೇ. ನಮ್ಮ ಕಡೆ ಹೆಣದ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಉಣ್ಣುತ್ತಿದ್ದರು, ಯಾರಿಗೆ ಏನು ಬೈದಿದ್ದರು, ಯಾವ ಸೀರೆ ಉಡದೆ ಪೆಟ್ಟಿಗೆಯಲ್ಲೇ ಬಿಟ್ಟರು, ಎಲ್ಲವೂ ಆ ಅಳುವಿನಲ್ಲಿ ಬರಬೇಕು. ಮೊದಲು ಎತ್ತಿಕೊಳ್ಳುವವಳು ಹೆತ್ತ ಮಗಳು. ದಾಕ್ಷಾಯಣಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಳು. ಕೊರಳ ನರಗಳು ಉಬ್ಬಿದವು. ಅಂಗಳದಲ್ಲಿ ಕುಳಿತ ಹೆಂಗಸರು ಕಾದರು. ಮಗಳು ಎತ್ತದೆ ಉಳಿದವರು ಎತ್ತುವಂತಿಲ್ಲ.

ಆಗ ಯಾರೋ ಒಬ್ಬ ಹಿರಿಯರು ನನ್ನ ಹೆಗಲು ಮುಟ್ಟಿ, "ವಿರೂಪಣ್ಣ, ಆಕಿ ದನಿ ನಿಮ್ಮ ಹತ್ರನ ಐತೆಲ್ಲೋ. ತಾರವ್ವನ ಕಡಿಂದರ ನಾಕ್ ಮಾತ್ ಅಳಸು. ಮುದುಕಿ ಹಂಗ ಒಣಾ ಒಣಾ ಹೋಗಬಾರ್ದು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಗಿರಣಿಗೆ ಓಡಿದೆ, ಬರೆದೆ. ನನ್ನಿಂದ ಹಾಗೆ ಬರೆಯಲಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಮುರ್ತುಜಾ ಯಂತ್ರ ಹೊತ್ತುಕೊಂಡು ಬಂದು ಹೆಣದ ಪಕ್ಕ ಇಟ್ಟ. ತಾರವ್ವ ಅತ್ತಳು. ಅವ್ವಾ, ದಡ ಕಾಣದ ಹೊಳಿಗೆ ಒಬ್ಬಾಕೀನ ಹೊಂಟಿ ಎಂದಳು. ಅಂಗಳವೆಲ್ಲ ಬಿಕ್ಕಿತು, ಗಂಡಸರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ದಾಕ್ಷಾಯಣಿ ಮಾತ್ರ ತಾಯಿಯ ತಲೆಯನ್ನು ಮೆಲ್ಲಗೆ ಚಾಪೆಗಿಳಿಸಿ, ಎದ್ದು ಬಂದು, ಯಂತ್ರದ ವಾಯರು ಕಿತ್ತಳು.

ದಿನಕರ್ಮ ಮುಗಿದ ಸಂಜೆ ನನ್ನ ಮುಂದೆ ಸ್ಲೇಟು ಇಟ್ಟಳು. 'ಆಕೀನ್ನ ಕೊಲ್ರಿ. ನಾ ನಮ್ಮವ್ವಗ ಅಳಬೇಕು.'

ನಾನು ತಾರವ್ವನ ಸಾವನ್ನು ಒಂದು ತಿಂಗಳು ಬರೆದೆ. ಬರಿಯ ಹಾವು ಸಾಲದು ಎನ್ನಿಸಿತ್ತು. ಇಷ್ಟು ಜನ ಪ್ರೀತಿಸಿದವಳು ಸತ್ತರೆ ಆ ಸಾವಿನಿಂದ ಇಡೀ ಕಥೆಗೆ ಹೊಸ ಬೆಳಕು ಬರಬೇಕು, ಹೊಳೆ ದಾಟಿದ್ದರ ಅರ್ಥವೇ ಬದಲಾಗಬೇಕು ಎಂದೆಲ್ಲ ನನ್ನ ಓದು ಹೇಳುತ್ತಿತ್ತು. ಹರಿಗೋಲು ಮಗುಚುತ್ತದೆ. ದಡದ ಮೇಲಿಂದ ಆಟಗಾರ ಹಗ್ಗ ಎಸೆಯುತ್ತಾನೆ, ತಾರವ್ವ ಅದನ್ನು ಹಿಡಿಯುತ್ತಾಳೆ. ಆಟಗಾರ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಹಗ್ಗ ಬಿಗಿಯಾಗಿರುತ್ತದೆ. ಬಿಟ್ಟರೆ ಹೋಯಿತು. ಮೇಲೆಳೆಯಲು ಆಗುವುದಿಲ್ಲ. ಕೊನೆಗೆ ಆಕೆ ಆಡುವ ಮಾತಿಗೆ ನಾನು ಸಾವು, ಸಾಗರ ಎಂದು ಏನೇನೋ ಬರೆದಿದ್ದೆ. ದಾಕ್ಷಾಯಣಿ ಓದಿ, ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬರೆದಳು: 'ಕೈ ನೋವಾತಲ್ಲಪಾ, ಬಿಡು.'

ನಾನು ಆ ಸಾಲನ್ನು ಬಹಳ ಹೊತ್ತು ನೋಡಿದೆ. ಇಷ್ಟು ವರ್ಷ ನಾನು ತಾರವ್ವನಿಗೆ ಬರೆದ ಮಾತುಗಳಲ್ಲಿ ಇಷ್ಟು ತಾರವ್ವನ ಮಾತು ಒಂದೂ ಇರಲಿಲ್ಲ.

ಹೊಸ ಅಧ್ಯಾಯ ಮನೆಮನೆಗೆ ಹೋಯಿತು. ವಾರ ಕಳೆದರೂ ಮುರ್ತುಜಾನ ಹಲಗೆಯಲ್ಲಿ ದೀಪಗಳು ಹಾಗೇ ಉರಿಯುತ್ತಿದ್ದವು. ಏನೋ ಕೆಟ್ಟಿರಬೇಕೆಂದು ಅವನು ವಾಯರು ಬಿಚ್ಚಿ ಕಟ್ಟಿದ. ಕೆಟ್ಟಿರಲಿಲ್ಲ. ಜನ ಹಗ್ಗ ಬಿಡುತ್ತಿರಲಿಲ್ಲ. ಹೆಬ್ಬೆರಳು ಸೋತಾಗ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು, ಗುಂಡುಕಲ್ಲು ಇಟ್ಟಿದ್ದರು, ಹಗ್ಗ ಹಿಡಿಯಲು ಮನೆಯಲ್ಲಿ ಪಾಳಿ ಹಚ್ಚಿದ್ದರು. ಕರೆಂಟು ಹೋದರೆ ಆಟ ಮತ್ತೆ ಹಗ್ಗ ಎಸೆಯುವಲ್ಲಿಂದಲೇ ಶುರು. ಜನ ಮತ್ತೆ ಎಸೆದು ಮತ್ತೆ ಕಟ್ಟುತ್ತಿದ್ದರು. ಮಧ್ಯಾಹ್ನ ಓಣಿಯಲ್ಲಿ ನಡೆದರೆ ಕಿಟಕಿ ಕಿಟಕಿಯಿಂದ ಹೊಳೆಯ ಸದ್ದು, ನಡುವೆ ನನ್ನ ಹೆಂಡತಿಯ ದನಿ, 'ಕೈ ನೋವಾತಲ್ಲಪಾ, ಬಿಡು.' ಯಾರೂ ಬಿಡುತ್ತಿರಲಿಲ್ಲ.

ನಾನು ಮನೆಮನೆಗೆ ಹೋದೆ. ಎಲ್ಲರೂ ಕೂಡಿಸಿದರು, ನೀರು ಕೊಟ್ಟರು. ಹಗ್ಗದ ಮಾತೆತ್ತಿದರೆ ಮುಖ ಬೇರೆ ಕಡೆ ತಿರುಗಿಸಿದರು. ಕ್ಷೌರದಂಗಡಿಯಲ್ಲಿ ಇದರ ಮೇಲೆ ಜಗಳವೇ ನಡೆದಿತ್ತು. ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡ ಒಬ್ಬ, "ಪ್ರೀತಿ ಇದ್ದವರು ಸತ್ತಾಗನ ಕಥಿ ಎದಿಗೆ ನಾಟತೈತಿ. ಎಲ್ಲಾರೂ ಉಳದ್ರ ಅದೇನ್ ಆಟ, ಬೀಗರೂಟ" ಎಂದ. ಕತ್ತರಿ ಹಿಡಿದವನು, "ನಾಟ್ಲಿ ಅಂತ ಹೇಳಿ ಕೊಲ್ಲೂದಾದ್ರ ನಿನ್ನ ಗಂಟಲಾ ನನ್ನ ಕೈಯಾಗ ಐತಿ ನೋಡು" ಎಂದ. ಎಲ್ಲರೂ ನಕ್ಕರು. ನಾನು ಬಾಗಿಲಲ್ಲಿ ನಿಂತದ್ದು ಕಂಡು ಅವನು ಗಿರಾಕಿಯ ಉಳಿದರ್ಧ ಗಡ್ಡಕ್ಕೆ ಸಾಬೂನು ಹಚ್ಚತೊಡಗಿದ.

ಎಲ್ಲರಿಗಿಂತ ಗಟ್ಟಿಯಾಗಿದ್ದವಳು ಗಿರಮಿಟ್ ಅಂಗಡಿಯ ರತ್ನವ್ವ. ಅವಳ ಅಂಗಡಿಯ ಮೂಲೆಯಲ್ಲಿ ಆಟ ಇಡೀ ದಿನ ಹಚ್ಚಿಯೇ ಇರುತ್ತಿತ್ತು, ಗುಂಡಿಯ ಮೇಲೆ ಬೆಳ್ಳುಳ್ಳಿ ಜಜ್ಜುವ ಕಲ್ಲು. ಮಂಡಕ್ಕಿ ತಿನ್ನಲು ಬಂದವರು ತಾರವ್ವನ ಕಡೆ ಮುಖ ಮಾಡಿಯೇ ಕೂರುತ್ತಿದ್ದರು.

"ಕಲ್ಲು ತಗೀರಿ ರತ್ನವ್ವ" ಎಂದೆ.

"ಯಾಕ ತಗೀಲಿ?" ಉಳ್ಳಾಗಡ್ಡಿ ಹೆಚ್ಚುವುದನ್ನು ಅವಳು ನಿಲ್ಲಿಸಲಿಲ್ಲ. "ಒಂದ್ ಮಾತ್ ಕೇಳ್ತೇನಿ ವಿರೂಪಣ್ಣ, ಕಲತಾಂವ ಅದಿ, ಖರೇ ಹೇಳು. ತಾರವ್ವ ಸತ್ತಿದ್ದು ಕಥಿಗೆ ಬೇಕಾಗಿತ್ತೋ, ನಿನ್ನ ಮನಿಗೆ ಬೇಕಾಗಿತ್ತೋ?"

ಹೊಳೆ, ಹಗ್ಗ, ದಾಟುವುದು ಎಂದು ಕಾಲೇಜಿನವನ ಹಾಗೆ ಶುರು ಮಾಡಿದೆ. ಅವಳು ಚಾಕು ಎತ್ತಿ ತಡೆದಳು.

"ಕಥಿಗೆ ಬೇಕಾಗಿ ಸತ್ತಿದ್ರ ನಾ ಮೂರ್ ದಿನ ಅಂಗಡಿ ಮುಚ್ಚಿ ಅಳತಿದ್ನಿ. ನಿನ್ನ ಮನಿಗೆ ಬೇಕಾಗಿ ಸಾಯ್ಲಿ ಅಂದ್ರ, ನಾ ಯಾಕ ಅಳಬೇಕೋ ತಮ್ಮಾ?"

"ಮನಿಗೇ ಬೇಕಾಗಿತ್ತು" ಎಂದೆ. "ದಾಕ್ಷಿ ಅವರವ್ವಗ ಅತ್ತಿಲ್ಲ. ನೀವೂ ಅಲ್ಲೇ ಇದ್ರಿ."

ಚಾಕು ನಿಂತಿತು. ಮೂಲೆಯಲ್ಲಿ ತಾರವ್ವ ಹೇಳಿದಳು, ಕೈ ನೋವಾತಲ್ಲಪಾ, ಬಿಡು. ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳ ಉಳ್ಳಾಗಡ್ಡಿ" ಎಂದಳು. ಆಮೇಲೆ, "ಅವತ್ತ ಆ ಯಂತ್ರ ಅಳಕೋತ ಕುಂತಾಗ ನಾನೂ ಅತ್ತೆ ನೋಡು. ಹೊರಗ ಬಂದ್ ಮ್ಯಾಲ ನಾಚಿಗಿ ಬಂತು. ಗುರುಬಸವ್ವ ಯಾವಾಗ ಹೊಳಿ ದಂಡಿಗೆ ಹೋಗಿದ್ಲು? ಆಕಿಗೆ ನೀರ್ ಅಂದ್ರ ಅಂಜಿಕಿ" ಎಂದಳು. ನನಗೆ ಅದು ಗೊತ್ತಿರಲಿಲ್ಲ. ಅವಳು ಎದ್ದು ಹೋಗಿ, ಪರದೆಗೆ ಕೈ ಮುಗಿದು, ಕಲ್ಲು ತೆಗೆದಳು. ತಿನ್ನುತ್ತ ಕುಳಿತವರು ತಟ್ಟೆ ಕೆಳಗಿಟ್ಟರು. ಹೊಳೆ ಖಾಲಿಯಾಯಿತು.

ರತ್ನವ್ವ ಬಿಟ್ಟಳು ಎಂದು ಸುದ್ದಿಯಾದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಗ್ಗ ಬಿಟ್ಟರು. ಕೆಲವರು ನನ್ನನ್ನು ಬೈದು ಬಿಟ್ಟರು, ಕೆಲವರು ಸ್ನಾನ ಮಾಡಿ ಬಿಟ್ಟರು. ಕ್ಷೌರದಂಗಡಿಯವನು ಗಿರಾಕಿಗಳನ್ನೆಲ್ಲ ಹೊರಗೆ ಕಳಿಸಿ, ಆಮೇಲೆ ಬಿಟ್ಟನಂತೆ. ಗೋಡೆಯ ಹಲಗೆ ದಿನದಿನಕ್ಕೆ ಕಪ್ಪಾಗುತ್ತ ಬಂತು. ದಾಕ್ಷಾಯಣಿ ಏನೂ ಕೇಳುತ್ತಿರಲಿಲ್ಲ. ನಾನು ಮನೆಗೆ ಬಂದಾಗ ನನ್ನ ಮುಖ ಒಮ್ಮೆ ನೋಡುತ್ತಿದ್ದಳು, ತಾಟು ಹಾಕುತ್ತಿದ್ದಳು. ಅವಳ ತಾಯಿಯ ಪೆಟ್ಟಿಗೆ ಬೀಗ ತೆಗೆಯದೆ ಗೋಡೆಗೆ ತಾಗಿ ಕುಳಿತಿತ್ತು. ಅಳದೆ ಅದನ್ನು ತೆರೆಯುವಂತಿಲ್ಲ.

ಒಂದು ಬೆಳಗ್ಗೆ ಮುರ್ತುಜಾ ಹಲಗೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಒಂದೇ ದೀಪ ಉರಿಯುತ್ತಿತ್ತು.

"ಯಾರದು?" ಎಂದೆ. "ಹೇಳು, ಈಗ ಹೋಗಿ ಕಾಲಿಗೆ ಬೀಳ್ತೇನಿ."

ಅವನು ನನ್ನನ್ನು ನೋಡಿ ನಗಲು ಹೋದವನು ನಗಲಿಲ್ಲ. "ಬೀಳಬೇಕಂದ್ರ ಕನ್ನಡಿ ಮುಂದ ಬೀಳು. ನಿಂದೋ ಮಾರಾಯಾ."

ಊರೆಲ್ಲ ತಿರುಗಿದವನಿಗೆ ತಾನೂ ಒಬ್ಬ ಆಟಗಾರ ಎಂಬುದೇ ಹೊಳೆದಿರಲಿಲ್ಲ. ಬರೆದವನ ಆಟ ಮುಗಿದೇ ಇರುತ್ತದೆ ಎಂದುಕೊಂಡಿದ್ದೆ. ಹೊಸ ಅಧ್ಯಾಯವನ್ನು ನಾನು ಆಡಿಯೇ ಇರಲಿಲ್ಲ, ನನ್ನ ಆಟದಲ್ಲಿ ಹರಿಗೋಲು ಇನ್ನೂ ಮಗುಚಿರಲಿಲ್ಲ. ಅಲ್ಲಿ ತಾರವ್ವ ಸಂಜೆಯ ಬಿಸಿಲಲ್ಲಿ ದಡಕ್ಕೆ ಬಂದು, ಉಂಡು ಬಂದೀಯೇನಪಾ ಎಂದು ಕೇಳುತ್ತಿದ್ದಳು. ನಿನ್ನೆಯೂ ಕೇಳಿದ್ದಳು. ನಿನ್ನೆಯೂ ನಾನು ಕುಳಿತು ಕೇಳಿದ್ದೆ.

ಮನೆಗೆ ನಡೆದು ಹೋದೆ. ದಾಕ್ಷಾಯಣಿ ಜೋಳ ಹಸನು ಮಾಡುತ್ತಿದ್ದಳು. "ಒಂದ ಉಳದೈತಿ. ನಂದು" ಎಂದೆ. ಮೊರ ಕೆಳಗಿಟ್ಟು ಎದ್ದಳು. ಸಿಟ್ಟು ಮಾಡಲಿಲ್ಲ. ಗೊತ್ತಿತ್ತೇನೋ. ಬಂದು ನನ್ನ ಪಕ್ಕದಲ್ಲಿ, ಪರದೆಯ ಮುಂದೆ, ಚಾಪೆಯ ಮೇಲೆ ಕುಳಿತಳು. ಮದುವೆಯಾದಂದಿನಿಂದ ಆಕೆ ಅಲ್ಲಿ ಕುಳಿತಿರಲಿಲ್ಲ.

ಆಡಿದೆ. ಹರಿಗೋಲು ಮಗುಚಿತು. ಹಗ್ಗ ಎಸೆದೆ. ತಾರವ್ವ ಹಿಡಿದಳು. ಗುಂಡಿಯ ಮೇಲೆ ನನ್ನ ಹೆಬ್ಬೆರಳಿತ್ತು. ಹೊಳೆ ಹರಿಯುತ್ತಿತ್ತು, ತಾರವ್ವ ಮಾತಾಡುತ್ತಿದ್ದಳು. ಕೊನೆಯದೊಂದು ಬಿಟ್ಟು ಒಂದೊಂದು ಮಾತೂ ನನ್ನದು. ಯಾವ ಮಾತನ್ನು ಯಾವ ಸಂಜೆ, ಏನನ್ನು ಬಯಸಿ ಬರೆದೆನೆಂದು ನನಗೆ ನೆನಪಿತ್ತು. ಆಗ ನನಗೆ ಭಯವಾಯಿತು. ನಾನು ಇಷ್ಟು ವರ್ಷ ಹಂಬಲಿಸಿದ್ದು ಈ ದನಿಯನ್ನೋ, ಈ ದನಿಯಲ್ಲಿ ನನ್ನನ್ನೇ ಕೇಳಿಸಿಕೊಳ್ಳುವುದನ್ನೋ? ಪಕ್ಕದಲ್ಲಿ ಕುಳಿತವಳು ಬಾಯಿ ಬಿಟ್ಟರೆ ಏನು ಹೇಳಿಯಾಳು ಎಂಬುದರ ಒಂದು ಎಳೆಯೂ ನನಗೆ ಗೊತ್ತಿರಲಿಲ್ಲ. ಬೆರಳು ಜೋಮು ಹಿಡಿಯಿತು. ದಾಕ್ಷಾಯಣಿ ನನ್ನ ಕೈ ಮುಟ್ಟಲಿಲ್ಲ. ಅವಸರ ಮಾಡಲಿಲ್ಲ.

ಕೈ ನೋವಾತಲ್ಲಪಾ, ಎಂದಳು ತಾರವ್ವ. ತಿರುಗಿ ನೋಡಿದೆ. ದಾಕ್ಷಾಯಣಿಯ ತುಟಿಗಳು ಸದ್ದಿಲ್ಲದೆ ಅದೇ ಮಾತನ್ನು ಆಡುತ್ತಿದ್ದವು. 'ಬಿಡು' ಎನ್ನುವಲ್ಲಿ ಆಕೆ ತಾರವ್ವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಬಿಟ್ಟೆ.

ಹಗ್ಗ ಸಡಿಲಾಗಿ ನೀರಿನ ಮೇಲೆ ತೇಲಿತು. ತಾರವ್ವ ಕೂಗಲಿಲ್ಲ, ನಾನು ಕೂಗು ಬರೆದಿರಲಿಲ್ಲ. ಹೊಳೆಯ ಸದ್ದಷ್ಟೇ ಉಳಿಯಿತು. ಅದನ್ನೂ ಆರಿಸಿದೆ. ಕೋಣೆಯಲ್ಲಿ ಒಂದು ಕೆಮ್ಮು ಕೇಳಿತು. ಒಣ ಕೆಮ್ಮು, ಧೂಳು ಹಿಡಿದ ಬಾಗಿಲು ತೆರೆದ ಹಾಗೆ. ಮತ್ತೊಮ್ಮೆ ಕೆಮ್ಮಿದಳು. ಕೊರಳ ಮೇಲೆ ಕೈಯಿಟ್ಟುಕೊಂಡಳು.

"ರೀ" ಎಂದಳು.

ತಾರವ್ವನ ದನಿಯಲ್ಲ. ಅದೇ ದನಿ, ಆದರೆ ಮಾತಿನ ಕೊನೆಯಲ್ಲಿ ನಿಲ್ಲಲಿಲ್ಲ, ಕೆಳಗಿಳಿದು ಮುಗಿಯಿತು. ಯಂತ್ರ ಅದನ್ನು ಹಾಗೆ ನಿಲ್ಲಿಸುತ್ತಿತ್ತೋ, ನಾನು ಹಾಗೆ ಬರೆಯುತ್ತಿದ್ದೆನೋ.

"ಹೇಳು" ಎಂದೆ.

"ಸ್ವಲ್ಪ ಹೊರಗ ಹೋಗ್ರಿ."

ನನಗೆ ಅರ್ಥವಾಗಲಿಲ್ಲ. ಆಕೆ ಎದ್ದು ಹೋಗಿ ತಾಯಿಯ ಪೆಟ್ಟಿಗೆಯ ಮುಂದೆ ಕುಳಿತಳು. ಕೀಲಿ ಬೆರಳಲ್ಲಿತ್ತು. ಬೆನ್ನು ನನ್ನ ಕಡೆಗಿತ್ತು.

"ನಾ ಅಳಬೇಕು. ನೀವು ಇಲ್ಲೇ ಇದ್ರ ಕೇಳ್ತೀರಿ. ಕೇಳಿದ್ರ ಬರೀತೀರಿ."

"ಬರಿಯೂದಿಲ್ಲ" ಎಂದೆ.

"ಬರೀತೀರಿ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಏನಿದೆ ಎಂದು ಹೇಳುವಂತೆ ಹೇಳಿದಳು. "ಓಣಿ ದಾಟಿ ಹೋಗ್ರಿ. ಕೇಳದಷ್ಟು ದೂರ."

ಚಪ್ಪಲಿ ಮೆಟ್ಟಿ ಹೊರಟೆ. ಓಣಿಯ ತುದಿಯ ತನಕ ಏನೂ ಕೇಳಲಿಲ್ಲ, ಆಕೆ ಕಾಯುತ್ತಿದ್ದಳೆಂದು ತೋರುತ್ತದೆ. ಹೆಜ್ಜೆ ಜೋರು ಮಾಡಿದೆ. ರತ್ನವ್ವನ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತೆ. ಮೂಲೆಯ ಪರದೆಗೆ ಬಟ್ಟೆ ಹೊದಿಸಿದ್ದರು.

"ಬಂತೇನೋ ದನಿ?" ರತ್ನವ್ವ ಕೇಳಿದಳು.

"ಬಂತು."

"ಮದಲ ಏನಂದ್ಲು?"

"ಹೊರಗ ಹೋಗು ಅಂದ್ಲು."

ರತ್ನವ್ವ ನಕ್ಕಳು, ಮಂಡಕ್ಕಿಯ ಡಬ್ಬಿ ಬಡಿದು ಬಡಿದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, ಒಂದು ತಟ್ಟೆ ಗಿರಮಿಟ್ ಕಲಸಿ ತಂದಿಟ್ಟಳು. ಮುಟ್ಟಲಾಗಲಿಲ್ಲ. ಇಲ್ಲಿಂದ ನನ್ನ ಮನೆಯ ಕಡೆ ಕಿವಿ ಕೊಟ್ಟರೆ ಗಿರಣಿಯ ಸದ್ದು, ಬೀದಿಯ ಸದ್ದು, ಅಷ್ಟೆ. ಅದರಾಚೆ ಎಲ್ಲೋ ನಾನು ಬರೆಯದ ಮಾತುಗಳಲ್ಲಿ ನನ್ನ ಹೆಂಡತಿ ಅಳುತ್ತಿದ್ದಳು. ಎದ್ದು ಓಣಿಯ ತುದಿಯ ತನಕ ಹೋದರೆ ಸಾಕಿತ್ತು. ಬೆಂಚಿನ ಅಂಚನ್ನು ಹಿಡಿದುಕೊಂಡು ಕುಳಿತೆ.

ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಕೊಡ ಹೊತ್ತು ಆ ಕಡೆಯಿಂದ ಬಂದಳು. ಅತ್ತ ಕಣ್ಣುಗಳು. ನನ್ನನ್ನು ಕಂಡು ನಿಂತಳು.

"ಅಣ್ಣಾರ, ಇಲ್ಲೇನ್ ಕುಂತೀರಿ? ಹೋಗಿ ಕೇಳ್ರಿ. ಎಂಥಾ ಅಳು ಅಂತೀರಿ, ಮುದುಕಿ ಕಣ್ಣ ಮುಂದ ಬಂದಂಗಾತು. ಏನೇನ್ ನೆನಸ್ತಾಳ, ಅವರವ್ವ ಆಕಿ ಸಣ್ಣಾಕಿ ಇದ್ದಾಗ..."

ನಾನು ಕೈ ಎತ್ತಿದೆ. "ಹೇಳಬ್ಯಾಡವಾ."

ಅವಳು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ನನ್ನನ್ನು ವಿಚಿತ್ರವಾಗಿ ನೋಡಿ, ಉಳಿದ ಮಾತನ್ನು ತನ್ನಲ್ಲೇ ಇಟ್ಟುಕೊಂಡು ಹೋದಳು.